ಮಲ್ಪೆಗೆ ಬರುವುದಾದರೆ ಮೀನಿನ ವೇಳೆ ನೋಡಿ ಬನ್ನಿ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ನಾನು ಯಾವ ವಿಭಾಗದವಳು ಎನ್ನುವುದಕ್ಕಿಂತ ‘ಉಡುಪಿ ಕಡೆಯವರು’ ಎನ್ನುವುದೇ ಹೆಚ್ಚು ಜನರಿಗೆ ಗೊತ್ತು. ಅಕ್ಟೋಬರ್ ಬಂತೆಂದರೆ ಒಬ್ಬರಾದ ಮೇಲೊಬ್ಬರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆಯೊಳಗೆ ಮುಗಿಸಬೇಕಾದ ಊರುಗಳ ಪಟ್ಟಿ ಅದರಲ್ಲಿರುತ್ತದೆ: ಕೃಷ್ಣಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭ, ಕೊಲ್ಲೂರು, ಮರವಂತೆ, ಮುರುಡೇಶ್ವರ. ಧೈರ್ಯವಂತರ ಪಟ್ಟಿಯಲ್ಲಿ ಗೋಕರ್ಣವೂ ಉಂಟು. “ಆರಾಮಾಗಿ ರೆಸ್ಟ್ ತಗೊಳ್ಳೋಣ ಅಂತ ಹೋಗ್ತಿದೀವಿ ಮೇಡಂ, ಪ್ಲಾನ್ ಸರಿಯಿದ್ಯಾ ನೋಡಿ” ಎನ್ನುತ್ತಾರೆ. ಮಲ್ಪೆಯನ್ನು ಇಟ್ಟುಕೊಂಡು ಉಳಿದದ್ದೆಲ್ಲ ಅಳಿಸಿ ಎನ್ನುತ್ತೇನೆ. ಉಡುಪಿಯಿಂದ ಮುರುಡೇಶ್ವರಕ್ಕೇ ಸುಮಾರು 100 ಕಿಲೋಮೀಟರ್. ಕಾರಿನ ಸೀಟಿನಲ್ಲಿ ಕೂತು ರೆಸ್ಟ್ ತೆಗೆದುಕೊಳ್ಳಲು ಬೆಂಗಳೂರಿನ ಸಿಲ್ಕ್ ಬೋರ್ಡ್ ಸಾಲದೇ?

ನಾನು ಬೆಳೆದದ್ದು ಉಡುಪಿಗೂ ಮಲ್ಪೆಗೂ ನಡುವಿನ ಕೊಡವೂರಿನಲ್ಲಿ. ಹಾಗಾಗಿ ಪಕ್ಷಪಾತ ಇರಬಹುದು, ಇರಲಿ. ಮಲ್ಪೆಗೆ ಬರುವವರು ಒಂದು ವಿಷಯ ತಿಳಿದಿದ್ದರೆ ಸಾಕು: ಅದು ಪ್ರವಾಸಿಗಳಿಗಾಗಿ ಕಟ್ಟಿದ ಊರಲ್ಲ, ಮೀನುಗಾರಿಕೆಯ ಊರು. ಅಲ್ಲಿ ಬೆಳಗಾಗುವುದು, ಊಟವಾಗುವುದು, ಸಂಜೆ ಗದ್ದಲವಾಗುವುದು ಎಲ್ಲವೂ ಬೋಟು ಬರುವ ಹೋಗುವ ಹೊತ್ತಿಗೆ ಹೊಂದಿಕೊಂಡದ್ದು. ಆ ಹೊತ್ತಿಗೆ ನೀವೂ ಹೊಂದಿಕೊಂಡರೆ ಎರಡು ರಾತ್ರಿ ಧಾರಾಳ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ, ಕಡಲೂ ಹುಚ್ಚೆದ್ದಿರುತ್ತದೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತು, ಬಣ್ಣ ಬಳಿಸಿಕೊಂಡು, ಬಲೆ ರಿಪೇರಿ ಮಾಡಿಸಿಕೊಳ್ಳುತ್ತಿರುತ್ತವೆ. ಮಳೆ ನೋಡುವ ಹುಚ್ಚಿದ್ದವರು ಆಗ ಬರಬಹುದು, ನನಗೂ ಆ ಹುಚ್ಚು ಉಂಟು. ಆದರೆ ನೀರಿಗಿಳಿಯುವಂತಿಲ್ಲ, ದ್ವೀಪಕ್ಕೆ ದೋಣಿಯಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಲ್ಲಿ ಬಲೆ ಬೀಳಲು ಶುರುವಾಗುವಾಗ ಇಲ್ಲಿ ಬಂದರು ಬಾಗಿಲು ಹಾಕಿರುತ್ತದೆ. ಜುಲೈಯಲ್ಲಿ ನಿಮ್ಮ ತಟ್ಟೆಗೆ ಬಂದ ಅಂಜಲ್ ಬಂಗಾಳಕೊಲ್ಲಿಯದ್ದೋ ಶೀತಲಗೃಹದ್ದೋ ಆಗಿರಬಹುದು. ಕೇಳಿದರೆ ಒಳ್ಳೆಯ ಹೋಟೆಲಿನವರು ಮುಚ್ಚಿಡುವುದಿಲ್ಲ.

ಶ್ರಾವಣದ ಹೊತ್ತಿಗೆ ಇಲ್ಲಿನ ಮೀನುಗಾರರಾದ ಮೊಗವೀರರು ವಡಭಾಂಡೇಶ್ವರದ ಬಲರಾಮನಿಗೂ ದೈವ ಬೊಬ್ಬರ್ಯನಿಗೂ ಪೂಜೆ ಸಲ್ಲಿಸಿ, ಕಡಲಿಗೆ ಹಾಲೆರೆದು ಸಮುದ್ರಪೂಜೆ ಮಾಡುತ್ತಾರೆ. ಅಲ್ಲಿಂದ ಹೊಸ ಋತು. ಆದರೂ ಮಳೆ ಪೂರ್ತಿ ಹಿಂದೆ ಸರಿಯಲು ಅಕ್ಟೋಬರ್ ಬೇಕು. ನನ್ನನ್ನು ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ, ಅದೂ ವಾರದ ನಡುವೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳ ಜನವರಿ 18ರಂದು, ಉಡುಪಿಯ ಕೃಷ್ಣಮಠದಲ್ಲಿ ಪರ್ಯಾಯ ಉತ್ಸವ. ಆ ವಾರ ರೂಮು ಸಿಗುವುದಿಲ್ಲ, ಸಿಕ್ಕಿದರೂ ನಿದ್ದೆ ಸಿಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಸೆಕೆಯನ್ನು ಬಯಲುಸೀಮೆಯವರಿಗೆ ವರ್ಣಿಸಿ ಹೇಳಿ ಪ್ರಯೋಜನವಿಲ್ಲ, ಅನುಭವಿಸಿಯೇ ತಿಳಿಯಬೇಕು.

ಬರುವ ದಾರಿ ಸುಲಭ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ನಸುಕಿಗೆ ಉಡುಪಿಯ ಇಂದ್ರಾಳಿ ಸ್ಟೇಷನ್‌ನಲ್ಲಿ ಇಳಿಸುತ್ತದೆ. ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್. ಸಿಟಿ ಬಸ್ಸುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಕಂಡಕ್ಟರ್ “ಮಲ್ಪೆ ಮಲ್ಪೆ” ಎಂದು ಕೂಗುವುದು ಕೇಳಿದರೆ ಹತ್ತಿದರಾಯಿತು. ಉಳಿಯುವುದಕ್ಕೆ ಮಲ್ಪೆ ಬೀಚಿನ ಎದುರಿಗಿಂತ ಪಡುಕೆರೆ ಮೇಲು ಎಂದು ನನ್ನ ಲೆಕ್ಕ. ಉದ್ಯಾವರ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ನೆಲದ ಪಟ್ಟಿ ಅದು. ಸೇತುವೆ ದಾಟಿದರೆ ಮಲ್ಪೆ ಬಂದರು, ಈಚೆ ತೆಂಗಿನ ತೋಟ, ಹೋಮ್‌ಸ್ಟೇ, ಅಂಗಳದಲ್ಲಿ ಒಣಗಲು ಹಾಕಿದ ಬಲೆ. ಸಂಜೆ ಮಲ್ಪೆ ಬೀಚಿನಲ್ಲಿರುವ ಒಂಟೆ, ಜೆಟ್ ಸ್ಕೀ, ಚುರುಮುರಿಯ ಸಂತೆ ಇಲ್ಲಿಗೆ ಕೇಳಿಸುವುದಿಲ್ಲ.

ಒಂದು ಬೆಳಿಗ್ಗೆ ಮಾತ್ರ ಅಲಾರ್ಮ್ ಇಟ್ಟುಕೊಳ್ಳಿ. ಬೆಳಕು ಹರಿಯುವಾಗ ಬಂದರಿನ ದಕ್ಕೆಯಲ್ಲಿರಬೇಕು. ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಸಣ್ಣ ಬೋಟುಗಳು ಬೆಳಗಿನ ಜಾವ ಹೊರಟು ಅದೇ ದಿನ ಮರಳುತ್ತವೆ. ಆಳಸಮುದ್ರದ ಬೋಟುಗಳು ಐಸು, ಡೀಸೆಲು, ಅಕ್ಕಿ, ನೀರು ತುಂಬಿಸಿಕೊಂಡು ಹೋದರೆ ಹತ್ತು ದಿನ ದಡ ಕಾಣುವುದಿಲ್ಲ. ಅವು ಬಂದು ನಿಂತಾಗ ಹೊಟ್ಟೆಯೊಳಗಿಂದ ಬುಟ್ಟಿ ಬುಟ್ಟಿಯಾಗಿ ಮೀನು ಮೇಲೆ ಬರುತ್ತದೆ, ಕೈಯಿಂದ ಕೈಗೆ ದಾಟುತ್ತದೆ, ನೆಲಕ್ಕೆ ಸುರಿದೊಡನೆ ಏಲಂ ಶುರು. ಕೂಗುವವನ ವೇಗಕ್ಕೆ ತುಳು ಗೊತ್ತಿರುವ ನನಗೇ ಅರ್ಧ ಅರ್ಥವಾಗುವುದಿಲ್ಲ. ಅಂಜಲ್, ಮಾಂಜಿ ಒಂದು ಕಡೆ, ಬೊಂಡಾಸಿನ ರಾಶಿ ಇನ್ನೊಂದು ಕಡೆ; ಮನುಷ್ಯರು ತಿನ್ನದ ಪುಡಿಮೀನು ಫಿಶ್‌ಮೀಲ್ ಕಾರ್ಖಾನೆಗೆ. ನಡುವೆ ಐಸು ಪುಡಿಮಾಡುವ ಸದ್ದು, ಲಾರಿಯ ಹಾರ್ನು, ಕಾಗೆ, ಹದ್ದು. ವಾಸನೆಯನ್ನು ತಾಳಿಕೊಳ್ಳಲಾರೆ ಎನ್ನುವವರು ಹೋಗದಿರುವುದೇ ಒಳ್ಳೆಯದು. ಮೂಗಿಗೆ ಕರ್ಚೀಫು ಹಿಡಿದು ನಿಂತವರನ್ನು ಕಂಡರೆ ಅಲ್ಲಿಯವರಿಗೆ ಏನನ್ನಿಸಬಹುದು, ಯೋಚಿಸಿ.

ಒದ್ದೆಯಾದರೂ ಜಾರದ ಚಪ್ಪಲಿ ಇರಲಿ. ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬೇಡಿ. ಫೋಟೋ ತೆಗೆಯುವ ಮೊದಲು ಕೇಳಿ. ನಮ್ಮ ಆಫೀಸಿನ ಹುಡುಗನೊಬ್ಬ ಮೀನು ಮಾರುವ ಹೆಂಗಸಿನ ಮುಖದ ಹತ್ತಿರ ಕ್ಯಾಮೆರಾ ಹಿಡಿದಾಗ ಆಕೆ ಅಂದದ್ದು: “ಮಾರಾಯ, ಫೋಟೋದಿಂದ ನನ್ನ ಬುಟ್ಟಿ ಖಾಲಿ ಆಗುದಿಲ್ಲ. ಎರಡು ಬಂಗುಡೆ ತಕೊ, ಮತ್ತೆ ಎಷ್ಟು ಬೇಕಾದ್ರೂ ತೆಗಿ.” ಅವನು ತೆಗೆದುಕೊಂಡ. ಮೀನು ಆರಿಸುವುದನ್ನೂ ಆಕೆಯೇ ಕಲಿಸಿದಳು. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಹೋಮ್‌ಸ್ಟೇಯವರನ್ನು ಮೊದಲೇ ಕೇಳಿಟ್ಟುಕೊಂಡರೆ ನೀವು ತಂದ ಮೀನನ್ನು ಮಧ್ಯಾಹ್ನಕ್ಕೆ ಮಾಡಿಕೊಡುತ್ತಾರೆ.

ಈ ಗದ್ದಲದ ಹಿಂದೆ ಇನ್ನೊಂದು ಮುಖವುಂಟು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲಾಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಆದ್ದರಿಂದ ಬೀಚಿನಲ್ಲಿ ಕೆಂಪು ಬಾವುಟ ಕಂಡಾಗ, ಜೀವರಕ್ಷಕ ಸಿಳ್ಳೆ ಹಾಕಿದಾಗ, ಈಜು ಬರುತ್ತದೆ ಎಂದು ವಾದಕ್ಕೆ ನಿಲ್ಲಬೇಡಿ. ಹುಟ್ಟಿದಂದಿನಿಂದ ಕಡಲಲ್ಲೇ ಇರುವ, ಬೋಟು ನಡೆಸುವ ತಾಂಡೇಲರೂ ಅದರೊಡನೆ ವಾದಿಸುವುದಿಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದಿದ್ದರೆ ಮೊದಲ ದೋಣಿಗೇ ಹೋಗಿ. ಅರ್ಧ ಗಂಟೆಯ ದಾರಿ. ಹತ್ತು ಗಂಟೆ ದಾಟಿದರೆ ಕಲ್ಲು ಕಾದು, ತೆಂಗಿನ ಮರದಡಿಯ ನೆರಳಿಗೆ ಪೈಪೋಟಿ ಶುರುವಾಗುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎನ್ನುತ್ತಾರೆ. ನನಗೆ ಗಾಮನಿಗಿಂತ ಕಲ್ಲೇ ಹೆಚ್ಚು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಬೇಸಿಗೆಯಲ್ಲಿ ಕೆರೆಯ ಕೆಸರು ಬಿರುಕು ಬಿಡುವ ಹಾಗೆ, ಲಾವಾ ತಣಿಯುತ್ತ ಕುಗ್ಗಿ ಐದು, ಆರು, ಏಳು ಮುಖಗಳಾಗಿ ಸೀಳಿತು; ಸೀಳು ಒಳಗಿಳಿಯುತ್ತ ಹೋದದ್ದರಿಂದ ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ರಾತ್ರಿ ಉಳಿಯುವಂತಿಲ್ಲ. ಕಂಬಗಳ ಅಂಚಿನಲ್ಲಿ ಪಾಚಿ ಜಾರುತ್ತದೆ, ಸೆಲ್ಫಿಗೆ ಬೇರೆ ಜಾಗ ಬೇಕಾದಷ್ಟಿದೆ.

ಮಧ್ಯಾಹ್ನ ಉಂಡು ಮಲಗಬೇಕು. ಇದು ಕಾರ್ಯಕ್ರಮದ ಮುಖ್ಯ ಅಂಗ. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ. ಸಿಕ್ಕಿದರೆ ಮರುವಾಯಿ ಸುಕ್ಕ, ಅದರ ಜೊತೆಗೆ ನೀರುದೋಸೆ. ಮೆನು ನೋಡಬೇಡಿ, “ಇವತ್ತು ಎಂತ ಮೀನು ಬಂದಿದೆ?” ಎಂದು ಕೇಳಿ. ಪೇಟೆಯವರು ಅಂಜಲ್, ಮಾಂಜಿ ಎಂದು ಹಣ ಸುರಿಯುತ್ತಾರೆ. ಮಳೆಗಾಲ ಮುಗಿದ ಮೇಲಿನ ಕೊಬ್ಬಿದ ಬೂತಾಯಿಯ ರುಚಿ ಅವಕ್ಕೆಲ್ಲಿ ಬರಬೇಕು! ಮುಳ್ಳು ಹೆಚ್ಚು, ನಿಜ. ರಜೆಯಲ್ಲಿ ಮುಳ್ಳು ಬಿಡಿಸಲಿಕ್ಕೂ ಪುರುಸೊತ್ತಿಲ್ಲವೇ?

ಮೀನು ತಿನ್ನದವರು ಹೆದರಬೇಕಾಗಿಲ್ಲ. ಉಡುಪಿ ಪಕ್ಕದಲ್ಲೇ ಉಂಟು. ಮಲ್ಪೆಯ ದಕ್ಷಿಣಕ್ಕೆ ಮಟ್ಟು ಎಂಬ ಊರಿದೆ, ಅಲ್ಲಿನ ಹಸಿರು ಬದನೆ, ಮಟ್ಟುಗುಳ್ಳಕ್ಕೆ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ವಾದಿರಾಜರು ಬೀಜ ಕೊಟ್ಟರೆಂಬುದು ಐತಿಹ್ಯ. ಚಳಿಗಾಲದಲ್ಲಿ ಬಂದರೆ ಗುಳ್ಳದ ಹುಳಿ ತಿನ್ನದೆ ಹೋಗಬೇಡಿ. ನನ್ನ ಗಂಡ ಬಯಲುಸೀಮೆಯ ಶುದ್ಧ ಸಸ್ಯಾಹಾರಿ, ಮಲ್ಪೆಗೆ ಬರುವುದೇ ಇದಕ್ಕಾಗಿ.

ಸಂಜೆ ಮರಳಿನಲ್ಲಿ ನಡೆಯುವಾಗ ಎಲ್ಲಾದರೂ ಎರಡು ಸಾಲಾಗಿ ಜನ ಹಗ್ಗ ಎಳೆಯುವುದು ಕಂಡರೆ ನಿಂತುಬಿಡಿ. ಅದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧವೃತ್ತವಾಗಿ ಬಿಟ್ಟು ಬಂದು, ಎರಡೂ ತುದಿಗಳನ್ನು ದಡದಿಂದ ಎಳೆಯುತ್ತಾರೆ. ಹಿಂದೆ ದೊಡ್ಡ ರಂಪಣಿ ಎಳೆಯಲು ಊರಿಗೆ ಊರೇ ಬೇಕಿತ್ತು, ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ಆ ವೈಭವ ಇಳಿಯಿತು. ಹಗ್ಗಕ್ಕೆ ಕೈ ಹಾಕುತ್ತೀರಾ ಎಂದು ಅವರೇ ಕರೆದರೆ ಹಾಕಿ. ಮರುದಿನ ಭುಜ ನೋಯುತ್ತದೆ.

ಎರಡನೆಯ ಸಂಜೆಗೆ ಉತ್ತರದ ಕೋಡಿಬೆಂಗ್ರೆ ಸಾಕು. ಸುವರ್ಣಾ, ಸೀತಾ ಎರಡೂ ಹೊಳೆಗಳು ಸೇರಿ ಕಡಲಿಗಿಳಿಯುವ ತುದಿ ಅದು. ದಾರಿಯುದ್ದಕ್ಕೂ ಬಲಕ್ಕೆ ಹೊಳೆ, ಎಡಕ್ಕೆ ಕಡಲು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಹೆಚ್ಚು ಏರುತ್ತದೆ. ಆದ್ದರಿಂದ ಮರಳಿನ ದಿಬ್ಬದ ಮೇಲೆ ದೂರ ನಡೆಯುವ ಮೊದಲು ದೋಣಿಯವರನ್ನು ಒಂದು ಮಾತು ಕೇಳಿ.

ಹೊರಡುವ ದಿನ ಎಲ್ಲರಿಗೂ ಮೀನು ಒಯ್ಯುವ ಆಸೆ. ಹಸಿಮೀನು ಬೇಕಿದ್ದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು ಹಾಕಿ ಟೇಪು ಸುತ್ತಿಸಿ. ಕಾರಿದ್ದವರಿಗೆ ಸರಿ, ಬಸ್ಸಿನವರು ತಕರಾರು ತೆಗೆಯುತ್ತಾರೆ. ರೈಲಿನವರಿಗೆ ಒಣಸಿಗಡಿಯೇ ಸುಲಭ, ಬೆಂಗಳೂರಿನಲ್ಲಿ ತೆಂಗಿನಕಾಯಿ ಹಾಕಿ ಚಟ್ನಿ ಮಾಡಬಹುದು. ಮೂರು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸ್ವಂತ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಆದರೂ ಸಕಲೇಶಪುರ ಘಾಟಿ ಹತ್ತುವಾಗ ಎದುರಿನ ಸೀಟಿನವರು ಮೂಗರಳಿಸಿ ನೋಡಿದರೆ, ನೀವೂ ಮೂಗರಳಿಸಿ ಪಕ್ಕದವರನ್ನು ನೋಡಿ.