ಚರ್ಮದ ಕಿರುಪೆಟ್ಟಿಗೆ: ಹೊಸಬರಿಗೆ ತಯಾರಿಕಾ ಕ್ರಮ

ಚರ್ಮೋದ್ಯಮವೆಂದರೆ ಪಾದರಕ್ಷೆ, ಚೀಲ ಮತ್ತು ಬೆಲ್ಟು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕಡಿಮೆ ಬಂಡವಾಳದಲ್ಲಿ, ಹೊಲಿಗೆ ಯಂತ್ರವೂ ಇಲ್ಲದೆ ಮನೆಯ ಒಂದು ಮೂಲೆಯಲ್ಲೇ ತಯಾರಿಸಬಹುದಾದ ವಸ್ತು ಚರ್ಮದ ಕಿರುಪೆಟ್ಟಿಗೆ. ಕನ್ನಡಕ, ಆಭರಣ ಹಾಗೂ ಉಡುಗೊರೆ ವಸ್ತುಗಳಿಗೆ ಇದು ಒಪ್ಪುತ್ತದೆ. 1939ರಲ್ಲಿ ಆರಂಭಗೊಂಡ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದಿಂದ ಹೆಸರಾದ ಚಾಮರಾಜಪೇಟೆ, ಮಲ್ಲೇಶ್ವರಂಗಳಂತಹ ಬಡಾವಣೆಗಳಲ್ಲಿ ಮೋರ್ಸಿಂಗ್ ಮುಂತಾದ ಸಣ್ಣ ವಾದ್ಯಗಳ ರಕ್ಷಣೆಗೂ ಇಂತಹ ಪೆಟ್ಟಿಗೆ ಉಪಯುಕ್ತ.

ಚರ್ಮದ ಆಯ್ಕೆ

ಹೊಸಬರು ನಷ್ಟ ಅನುಭವಿಸುವುದು ಬಹುಮಟ್ಟಿಗೆ ಇಲ್ಲಿಯೇ. ಮಾರುಕಟ್ಟೆಯಲ್ಲಿ ಹೇರಳವಾಗಿ ದೊರೆಯುವುದು ಕ್ರೋಮ್ ಲವಣದಿಂದ ಹದಮಾಡಿದ ಮೃದು ಚರ್ಮ. ಇದನ್ನು ಎಷ್ಟೇ ನೆನೆಸಿ ಒತ್ತಿದರೂ ಒಣಗಿದ ಬಳಿಕ ಆಕಾರ ನಿಲ್ಲುವುದಿಲ್ಲ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಮೊದಲಾದ ಸಸ್ಯಮೂಲ ಪದಾರ್ಥಗಳಿಂದ ಹದಮಾಡಿದ ಚರ್ಮ ಮಾತ್ರ ಒದ್ದೆಯಾದಾಗ ಬಾಗಿ, ಒಣಗಿದಾಗ ಗಟ್ಟಿಯಾಗಿ ನಿಲ್ಲುತ್ತದೆ. ಅಥಣಿ, ನಿಪ್ಪಾಣಿಯ ಚಪ್ಪಲಿ ಕುಶಲಕರ್ಮಿಗಳಿಗೆ ಈ ಬಗೆಯ ಚರ್ಮ ಚಿರಪರಿಚಿತ.

ಖರೀದಿಗೆ ಮುನ್ನ ಒಂದು ಚೂರನ್ನು ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷಿಸಬಹುದು. ಸಸ್ಯಮೂಲ ಚರ್ಮ ಕೂಡಲೇ ಮುದುಡಿ ಕುಗ್ಗುತ್ತದೆ. ಚೆನ್ನಾಗಿ ಹದಗೊಂಡ ಕ್ರೋಮ್ ಚರ್ಮ ಹಾಗೆಯೇ ಉಳಿಯುತ್ತದೆ. ಪೆಟ್ಟಿಗೆಗೆ ಸುಮಾರು 2 ಮಿ.ಮೀ. ದಪ್ಪ ಸಾಕು.

ಅಚ್ಚು

10×6 ಸೆಂ.ಮೀ. ಅಳತೆಯ, 3 ಸೆಂ.ಮೀ. ಆಳದ ಪೆಟ್ಟಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಷ್ಟೇ ಉದ್ದಗಲದ, 3.5 ಸೆಂ.ಮೀ. ಎತ್ತರದ ಮರದ ದಿಮ್ಮಿಯನ್ನು ಹಲಗೆಯೊಂದರ ಮೇಲೆ ಭದ್ರಪಡಿಸಬೇಕು. ಅದರ ಮೂಲೆ ಮತ್ತು ಅಂಚುಗಳನ್ನು ಉಜ್ಜಿ ದುಂಡಗಾಗಿಸಬೇಕು. ಚೂಪಾಗಿದ್ದರೆ ಚರ್ಮ ಸುಕ್ಕುಗಟ್ಟುತ್ತದೆ ಅಥವಾ ಹರಿಯುತ್ತದೆ. ಪ್ಲೈವುಡ್‌ನಲ್ಲಿ ಕೊರೆದ ಚೌಕಟ್ಟಿನ ಒಳ ಅಳತೆ 10.5×6.5 ಸೆಂ.ಮೀ. ಇರಲಿ. ಎರಡೂ ಬದಿಯ ಚರ್ಮದ ದಪ್ಪಕ್ಕೆ ಈ ಅವಕಾಶ ಅಗತ್ಯ. ಮುಚ್ಚಳದ ದಿಮ್ಮಿ 10.5×6.5 ಸೆಂ.ಮೀ. ಅಳತೆಯದಾಗಿದ್ದು, ಎತ್ತರ 2 ಸೆಂ.ಮೀ. ಇದ್ದರೆ ಸಾಕು, ಅದರ ಚೌಕಟ್ಟನ್ನೂ ಇದೇ ಲೆಕ್ಕದಲ್ಲಿ ಮಾಡಿಕೊಳ್ಳಬೇಕು.

ಆಕಾರ ನೀಡುವ ವಿಧಾನ

ಚರ್ಮವನ್ನು ತಣ್ಣೀರಿನಲ್ಲಿ, ಗುಳ್ಳೆಗಳು ನಿಲ್ಲುವವರೆಗೆ ನೆನೆಸಬೇಕು. ಬಿಸಿನೀರು ಸಲ್ಲದು. ಹೊರತೆಗೆದು ಮೇಲ್ಮೈ ಬಣ್ಣ ತುಸು ತಿಳಿಯಾಗುವವರೆಗೆ ಬಿಟ್ಟು, ನುಣುಪು ಬದಿ ಮೇಲಿರುವಂತೆ ದಿಮ್ಮಿಯ ಮೇಲೆ ಹೊದಿಸಿ, ಚೌಕಟ್ಟನ್ನು ಕೆಳಗಿಳಿಸಿ ಕ್ಲ್ಯಾಂಪುಗಳಿಂದ ಬಿಗಿಯಬೇಕು. ಮೂಲೆಗಳ ಸುಕ್ಕನ್ನು ನುಣುಪಾದ ಮರದ ತುಂಡಿನಿಂದ ತೀಡಿ ಸರಿಪಡಿಸಬೇಕು. ಒದ್ದೆ ಚರ್ಮಕ್ಕೆ ಕಬ್ಬಿಣ ತಗುಲಿದರೆ ಅಳಿಸಲು ಕಷ್ಟವಾದ ಕಪ್ಪು ಕಲೆಯಾಗುವುದರಿಂದ ಕಬ್ಬಿಣದ ಮೊಳೆಗಳನ್ನು ಬಳಸಬಾರದು.

ನೆರಳಿನಲ್ಲಿ ಕನಿಷ್ಠ ಒಂದು ದಿನ ಒಣಗಿಸುವುದು ಅವಶ್ಯ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಬಿಸಿಲು ಅಥವಾ ಒಲೆಯ ಕಾವಿನಲ್ಲಿ ಅವಸರದಿಂದ ಒಣಗಿಸಿದರೆ ಚರ್ಮ ಪೆಡಸಾಗಿ ಬಿರುಕು ಬಿಡುತ್ತದೆ. ಪೂರ್ಣ ಒಣಗಿದ ನಂತರವೇ ಅಚ್ಚಿನಿಂದ ಬಿಡಿಸಿ, ಪೆಟ್ಟಿಗೆಯನ್ನು 3 ಸೆಂ.ಮೀ. ಹಾಗೂ ಮುಚ್ಚಳವನ್ನು 1.5 ಸೆಂ.ಮೀ. ಎತ್ತರಕ್ಕೆ ಕತ್ತರಿಸಬೇಕು. ಅಂಚನ್ನು ಮರಳು ಕಾಗದದಿಂದ ಉಜ್ಜಿ, ಜೇನುಮೇಣ ಸವರಿ ಹೊಳಪು ನೀಡಬಹುದು.

ವೆಚ್ಚದ ಲೆಕ್ಕ

ಅಂಚುಗಳಲ್ಲಿ ಹಿಡಿತಕ್ಕೆಂದು 2 ಸೆಂ.ಮೀ. ಬಿಟ್ಟರೆ ಪೆಟ್ಟಿಗೆಗೆ 21×17, ಮುಚ್ಚಳಕ್ಕೆ 18.5×14.5 ಸೆಂ.ಮೀ. ಚರ್ಮ ಬೇಕು. ಒಟ್ಟು ಸುಮಾರು 625 ಚದರ ಸೆಂ.ಮೀ., ಅಂದರೆ ಚದರ ಅಡಿಯ ಮೂರನೇ ಎರಡು ಭಾಗ. ಸಿದ್ಧ ವಸ್ತುವಿನಲ್ಲಿ ಉಳಿಯುವುದು ಇದರ ಅರ್ಧದಷ್ಟು ಮಾತ್ರ. ಸಿದ್ಧ ಪೆಟ್ಟಿಗೆಯ ಅಳತೆಯನ್ನಷ್ಟೇ ನೋಡಿ ಬೆಲೆ ಕಟ್ಟುವವರು ಚರ್ಮದ ಅರ್ಧ ಬೆಲೆಯನ್ನು ತಾವೇ ಭರಿಸಿದಂತಾಗುತ್ತದೆ. ಉಳಿದ ಅಂಚುಗಳನ್ನು ಕೀಲಿಗೊಂಚಲು, ಗುಂಡಿಪಟ್ಟಿಗಳಿಗೆ ಬಳಸಿದರೆ ಈ ಹೊರೆ ತಗ್ಗುತ್ತದೆ.

ಮೊದಲ ಬೇಡಿಕೆಯನ್ನು ಒಪ್ಪಿಕೊಳ್ಳುವ ಮುನ್ನ ಒಂದೇ ಅಚ್ಚಿನಲ್ಲಿ ಹತ್ತು ಮಾದರಿಗಳನ್ನು ತಯಾರಿಸಿ, ಮುಚ್ಚಳಗಳನ್ನು ಅದಲುಬದಲು ಮಾಡಿ ನೋಡುವುದು ಒಳಿತು. ಯಾವ ಮುಚ್ಚಳವಾದರೂ ಯಾವ ಪೆಟ್ಟಿಗೆಗಾದರೂ ಸರಿಯಾಗಿ ಕೂರುವಂತಾದಾಗ ಕೆಲಸವು ಮಾರಾಟಕ್ಕೆ ಸಿದ್ಧವೆನ್ನಬಹುದು.