ಕೋಳಿಯ ಹಿಕ್ಕೆ: ರೋಗದ ಲಿಂಗವೂ ಹೇತುವೂ

ಹೇತು, ಲಿಂಗ, ಔಷಧ ಎಂಬ ಮೂರರ ಜ್ಞಾನವೇ ಆಯುರ್ವೇದವೆಂದು ಚರಕಸಂಹಿತೆಯ ಆರಂಭದಲ್ಲಿಯೇ ನಿರೂಪಿತವಾಗಿದೆ. ರೋಗವನ್ನು ಹುಟ್ಟಿಸುವುದು ಹೇತು. ಅದನ್ನು ತಿಳಿಸುವುದು ಲಿಂಗ. ಅದನ್ನು ಕಳೆಯುವುದು ಔಷಧ. ಮನುಷ್ಯನಾದರೋ ತನ್ನ ನೋವನ್ನು ಬಾಯಿಂದ ಹೇಳಬಲ್ಲನು. ಹಿತ್ತಿಲಿನ ಕೋಳಿಗೆ ಆ ಶಕ್ತಿಯಿಲ್ಲ. ಅಷ್ಟೇ ಅಲ್ಲದೆ, ಪಕ್ಷಿಜಾತಿಯು ತನ್ನ ಬಲಹೀನತೆಯನ್ನು ಸಾಧ್ಯವಾದಷ್ಟು ಮರೆಮಾಡುವ ಸ್ವಭಾವವುಳ್ಳದ್ದು. ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುವ ಹೊತ್ತಿಗೆ ರೋಗವು ಬಲಿತಿರುತ್ತದೆ. ಆದಕಾರಣ ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ನೆಲದ ಮೇಲೆ ಕಾಣುವ ಹಿಕ್ಕೆಯು ಸಾಕುವವರಿಗೆ ಅತ್ಯಂತ ಸುಲಭವಾಗಿ ದೊರೆಯುವ ಲಿಂಗವಾಗಿದೆ.

ಪ್ರಾಣಿಗಳ ಆರೋಗ್ಯವಿಚಾರವು ಭಾರತೀಯ ವಾಙ್ಮಯಕ್ಕೆ ಹೊಸದಲ್ಲ. ಆನೆಗೆ ಪಾಲಕಾಪ್ಯನ ಹೆಸರಿನ ಶಾಸ್ತ್ರ, ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರ, ಬೇಟೆಯ ಡೇಗೆಗೆ ಕುಮಾಊಁ ಪ್ರಾಂತದ ರುದ್ರದೇವನ ಶ್ಯೈನಿಕಶಾಸ್ತ್ರ ಇವು ಪ್ರಸಿದ್ಧವಾಗಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುಕ್ಕುಟವಿನೋದಕ್ಕೆ ಪ್ರತ್ಯೇಕ ಸ್ಥಾನವುಂಟು. ಆದರೆ ಅರಸರ ಅಂಕದ ಹುಂಜವು ಬೇರೆ. ಬಡವರ ಮನೆಯ ಹೇಂಟೆಯು ಬೇರೆ. ಎಂಟು ಹತ್ತು ಕೋಳಿಗಳ ಮೊಟ್ಟೆಮರಿಗಳಿಂದ ಮನೆಯ ಕೈಖರ್ಚು ನಡೆಯುವ ಕಡೆ ಒಂದು ವಾರದ ರೋಗವು ಒಂದು ವರ್ಷದ ಉಳಿತಾಯವನ್ನು ಅಳಿಸಬಲ್ಲದು.

ವಿಕೃತಿಯನ್ನು ತಿಳಿಯಬೇಕಾದರೆ ಪ್ರಕೃತಿಯನ್ನು ಮೊದಲು ತಿಳಿಯಬೇಕು. ಪಕ್ಷಿಗೆ ಮಲಮೂತ್ರಗಳು ಹೊರಬರುವ ದ್ವಾರವು ಒಂದೇ. ಆರೋಗ್ಯವಂತ ಕೋಳಿಯ ಹಿಕ್ಕೆಯು ಕಂದು ಅಥವಾ ಬೂದು ಬಣ್ಣದ ಗಟ್ಟಿ ಮುದ್ದೆಯಾಗಿದ್ದು, ಅದರ ತಲೆಯ ಮೇಲೆ ಸುಣ್ಣ ಬಳಿದಂತೆ ಬಿಳಿಯ ಭಾಗವಿರುತ್ತದೆ. ಈ ಬಿಳುಪು ಕೋಳಿಯ ಮೂತ್ರಾಂಶವೇ; ಯೂರಿಕ್ ಆಮ್ಲದ ರೂಪದಲ್ಲಿ ಗಟ್ಟಿಯಾಗಿ ಹೊರಬರುತ್ತದೆ. ಇದರ ಜೊತೆಗೆ ಮತ್ತೊಂದು ಬಗೆಯೂ ಉಂಟು. ಕೋಳಿಯ ಜೀರ್ಣಮಾರ್ಗದಲ್ಲಿ ಒಂದು ತುದಿ ಮುಚ್ಚಿದ ಎರಡು ಕುರುಡು ಕರುಳುಗಳಿವೆ. ಅವು ಬರಿದಾದಾಗ ಬೀಳುವ ಹಿಕ್ಕೆಯು ಕಡುಗಂದು ಬಣ್ಣದ್ದು, ಅಂಟಾದದ್ದು, ದುರ್ಗಂಧಯುಕ್ತವಾದದ್ದು. ಅದಕ್ಕೆ ಬಿಳಿಯ ತಲೆಯಿಲ್ಲ. ಸುಮಾರು 8–10 ಹಿಕ್ಕೆಗಳಿಗೆ ಒಂದರಂತೆ ಇದು ಕಾಣಿಸುವುದು ಸಹಜ. ಇದನ್ನು ಭೇದಿಯೆಂದು ಭ್ರಮಿಸಿ ಔಷಧ ಹಾಕುವುದು ನಿರರ್ಥಕ.

ಪ್ರಕೃತಿಯಲ್ಲಿಯೂ ಕಾಲ, ಆಹಾರ, ಅವಸ್ಥೆಗಳಿಗೆ ತಕ್ಕಂತೆ ವ್ಯತ್ಯಾಸಗಳುಂಟು. ಕೋಳಿಗೆ ಬೆವರು ಇಲ್ಲ, ಬೇಸಗೆಯಲ್ಲಿ ಅದು ಬಾಯಿ ತೆರೆದು ಏದುತ್ತದೆ, ಹೆಚ್ಚು ನೀರು ಕುಡಿಯುತ್ತದೆ, ಹಿಕ್ಕೆಯು ನೀರಾಗುತ್ತದೆ. ಸೊಪ್ಪು ಮೇದ ದಿನ ಹಸಿರು, ಬೀಟ್‌ರೂಟಿನ ಸಿಪ್ಪೆ ತಿಂದ ದಿನ ಕೆಂಪು ಕಾಣಬಹುದು. ಕಾವಿಗೆ ಕುಳಿತ ಹೇಂಟೆಯು ದಿನಕ್ಕೆ ಒಂದೆರಡು ಬಾರಿ ಮಾತ್ರ ಮೇಲೇಳುವುದರಿಂದ ಅದರ ಹಿಕ್ಕೆಯು ದೊಡ್ಡದಾಗಿ ಬಲು ನಾರುತ್ತದೆ. ಇವೊಂದೂ ರೋಗವಲ್ಲ.

ಇನ್ನು ವಿಕೃತಿಗಳು. ಮರಿಗಳ ಹಿಕ್ಕೆಯು ಸುಣ್ಣದ ಸರಿಯಂತೆ ಬೆಳ್ಳಗಾಗಿ ಗುದದ ಸುತ್ತ ಮೆತ್ತಿಕೊಂಡರೆ, ಹುಟ್ಟಿದ ಮೊದಲ ವಾರಗಳಲ್ಲಿ ಬರುವ ಬಿಳಿಭೇದಿಯನ್ನು ಶಂಕಿಸಬೇಕು. ಇದರ ಕ್ರಿಮಿಯು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ಬರಬಲ್ಲದು. ಅಕ್ಕಿಯ ಕಾಳಿನಂಥ ತುಣುಕುಗಳು ಲಾಡಿಹುಳುವಿನ ಖಂಡಗಳು. ದಾರದಂಥ ಬಿಳಿಯ ಹುಳುಗಳು ದುಂಡುಹುಳುಗಳು. ಸೊಪ್ಪು ತಿನ್ನದಿದ್ದರೂ ಹಿಕ್ಕೆಯು ನೀರಾಗಿ ಹಸಿರಾದರೆ, ಕೋಳಿಯು ಮೇವು ಬಿಟ್ಟಿದೆಯೆಂದೂ ಬರಿಯ ಪಿತ್ತವೇ ಹೊರಬೀಳುತ್ತಿದೆಯೆಂದೂ ಊಹಿಸಬಹುದು. ಇಲ್ಲಿ ಎಚ್ಚರಿಕೆ ಅವಶ್ಯ. ಹಸಿರು ಭೇದಿಯು ಕನ್ನಡನಾಡಿನಲ್ಲಿ ಕೊಕ್ಕರೆ ರೋಗವೆನಿಸಿಕೊಂಡ ರಾಣಿಖೇತ್ ರೋಗದಲ್ಲಿ ಉಂಟು. ಕೋಳಿಯ ಕಾಲರಾದಲ್ಲಿಯೂ ಉಂಟು. ಬರಿಯ ಉಪವಾಸದಲ್ಲಿಯೂ ಉಂಟು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಇದು ವ್ಯಭಿಚಾರವುಳ್ಳ ಲಿಂಗ. ಇದೊಂದರಿಂದಲೇ ರೋಗದ ಹೆಸರನ್ನು ನಿಶ್ಚಯಿಸಲಾಗದು. ಇದರೊಡನೆ ಉಬ್ಬಸ, ಕತ್ತು ತಿರುಚುವಿಕೆ, ಕಾಲುರೆಕ್ಕೆಗಳ ಸೋಲು, ಒಂದರ ಹಿಂದೊಂದು ಸಾವು ಸೇರಿದರೆ ರಾಣಿಖೇತ್ ರೋಗದ ಶಂಕೆಯು ಬಲವಾಗುತ್ತದೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರಾಂತದಲ್ಲಿ ಕಂಡದ್ದು ಈ ರೋಗವೇ. ಭಾರತದಲ್ಲಿ ಇದಕ್ಕೆ ಹೆಸರು ಬಂದದ್ದು ಕುಮಾಊಁ ಪ್ರಾಂತದ ರಾಣಿಖೇತ್ ಊರಿನಿಂದ.

ಹಿಕ್ಕೆಯಲ್ಲಿ ರಕ್ತವು ಕಂಡರೆ ವಿಳಂಬಕ್ಕೆ ಅವಕಾಶವಿಲ್ಲ. 3ರಿಂದ 6 ವಾರದ ಮರಿಗಳಲ್ಲಿ ಇದು ಬಹುಮಟ್ಟಿಗೆ ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿಗಳಿಂದಾಗುವ ರಕ್ತಭೇದಿ. ಇದರ ಸ್ವರೂಪವನ್ನು ಒಂದು ಹಳೆಯ ಶಬ್ದವು ಚೆನ್ನಾಗಿ ತೋರಿಸಿಕೊಡುತ್ತದೆ. ಚರಕಸಂಹಿತೆಯು ಕೋಳಿಯನ್ನು ವಿಷ್ಕಿರವರ್ಗದಲ್ಲಿ ಸೇರಿಸಿದೆ. ಕೆದರಿ ಚೆದರಿಸಿ ತಿನ್ನುವ ಹಕ್ಕಿಗಳೆಂದು ಅದರ ಅರ್ಥ. ರೋಗಿಯಾದ ಮರಿಯ ಹಿಕ್ಕೆಯಲ್ಲಿ ಈ ಜೀವಿಯ ಕೋಶಗಳು ನೆಲಕ್ಕೆ ಬೀಳುತ್ತವೆ. ಬಿದ್ದ ಕ್ಷಣದಲ್ಲಿ ಅವು ನಿರಪಾಯ. ತೇವವೂ ಬೆಚ್ಚನೆಯೂ ದೊರೆತರೆ 1–2 ದಿನಗಳಲ್ಲಿ ಪಕ್ವವಾಗಿ ರೋಗಕಾರಕವಾಗುತ್ತವೆ. ಆ ನೆಲವನ್ನೇ ಇತರ ಮರಿಗಳು ಕೆದರಿ ತಿನ್ನುತ್ತವೆ. ಕೋಶವು ಹೊಟ್ಟೆ ಸೇರಿದ ಸುಮಾರು 5ನೆಯ ದಿನ ಕುರುಡು ಕರುಳುಗಳು ಒಡೆದು ರಕ್ತ ಸುರಿಯುತ್ತದೆ. ಹೀಗೆ ಒಂದು ಮರಿಯಲ್ಲಿ ಲಿಂಗವಾಗಿ ಕಂಡದ್ದೇ ಮತ್ತೊಂದು ಮರಿಗೆ ಹೇತುವಾಗಿ ಪರಿಣಮಿಸುತ್ತದೆ. ಹಿಕ್ಕೆಯ ಪರೀಕ್ಷೆಯ ತತ್ತ್ವವೆಲ್ಲ ಇದರಲ್ಲಿ ಅಡಗಿದೆ: ನೋಡುವುದರಷ್ಟೇ ತೆಗೆಯುವುದೂ ಮುಖ್ಯ.

ಔಷಧದ ವಿಚಾರವು ಇದರಿಂದಲೇ ಸ್ಪಷ್ಟವಾಗುತ್ತದೆ. ಅಡ್ಡೆಯ ಕೆಳಗಿನ ಹಿಕ್ಕೆಯನ್ನು ದಿನವೂ ತೆಗೆದರೆ ಕೋಶಗಳಿಗೆ ಪಕ್ವವಾಗುವ ಕಾಲವೇ ದೊರೆಯದು. ಸಾಮಾನ್ಯ ಕ್ರಿಮಿನಾಶಕಗಳಿಗೆ ಜಗ್ಗದ ಆ ಕೋಶಗಳು ಒಣಬಿಸಿಲಿಗೆ ಸಾಯುತ್ತವೆ. ಆದುದರಿಂದ ಗೂಡಿನ ಒಣನೆಲವೇ ಮೊದಲ ಮದ್ದು. ರಕ್ತಭೇದಿ ಕಂಡ ದಿನವೇ ಪಶುವೈದ್ಯರ ಸಲಹೆಯಂತೆ ಆಂಪ್ರೋಲಿಯಮ್ ಎಂಬ ಔಷಧವನ್ನು ಕುಡಿಯುವ ನೀರಿಗೆ ಬೆರೆಸುವುದುಂಟು. ರಾಣಿಖೇತ್ ರೋಗಕ್ಕೆ ಚಿಕಿತ್ಸೆಯಿಲ್ಲ, ತಡೆಯುಂಟು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, 6–8 ವಾರಗಳಲ್ಲಿ ಮತ್ತೊಂದು ಲಸಿಕೆ. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಅವನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯಶಾಲೆಗೆ ತಿಳಿಸತಕ್ಕದ್ದು. ಹಿಕ್ಕೆ ತೆಗೆದವರು ಸೋಪಿನಿಂದ ಕೈತೊಳೆಯುವುದು ಎಂದಿಗೂ ತಪ್ಪಬಾರದು. ಅದರಲ್ಲಿನ ಕೆಲವು ಕ್ರಿಮಿಗಳು ಮನುಷ್ಯರಿಗೂ ಅಂಟುತ್ತವೆ.

ಸಂದೇಹ ಉಳಿದಾಗ ತಾಜಾ ಹಿಕ್ಕೆಯನ್ನು ಪರೀಕ್ಷೆಗೆ ಒಯ್ಯಬಹುದು. ಅಲ್ಲಿ ಅದನ್ನು ಗಾಢವಾದ ಉಪ್ಪುನೀರಿನಲ್ಲಿ ಕಲಕುತ್ತಾರೆ. ಹುಳುಗಳ ಮೊಟ್ಟೆಗಳೂ ಕಾಕ್ಸಿಡಿಯದ ಕೋಶಗಳೂ ಮೇಲೆ ತೇಲುತ್ತವೆ. ಅವನ್ನು ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಆಮಮಲವು ನೀರಿನಲ್ಲಿ ಮುಳುಗುವುದು, ಪಕ್ವಮಲವು ತೇಲುವುದು ಎಂಬ ಅತಿಸಾರಪ್ರಕರಣದ ಪರೀಕ್ಷೆಯನ್ನು ಮಾಧವನಿದಾನದಲ್ಲಿ ಓದಿದವರಿಗೆ ಈ ಕ್ರಮವು ತೀರ ಅಪರಿಚಿತವಾಗಿ ತೋರದು. ಎರಡರ ಉದ್ದೇಶವೂ ಸಿದ್ಧಾಂತವೂ ಭಿನ್ನ; ಹೇಸದೆ ನೋಡಿ, ನೋಡಿದ್ದನ್ನು ನೀರಿನಿಂದ ಶೋಧಿಸುವ ಬುದ್ಧಿಯು ಮಾತ್ರ ಒಂದೇ. ಆ ಬುದ್ಧಿಯಿಂದ ದಿನವೂ ಗೂಡಿನ ನೆಲವನ್ನು ನೋಡುವ ಗೃಹಿಣಿಯು, ಗ್ರಂಥವನ್ನು ಓದದಿದ್ದರೂ, ತನ್ನ ಕೋಳಿಗಳ ಮಟ್ಟಿಗೆ ತ್ರಿಸೂತ್ರವನ್ನು ಬಲ್ಲವಳೇ ಸರಿ.