ಚಟ ಅಂಟುವ ಮೊದಲೇ ಬರಬೇಕಾದವರು

ಪ್ರತಿ ವರ್ಷ ಜೂನ್ 26 ಬಂದರೆ ನಮ್ಮ ಶಾಲಾ ಕಾಲೇಜುಗಳಿಂದ ಮಾದಕ ವಸ್ತು ವಿರೋಧಿ ದಿನದ ಜಾಥಾ ಹೊರಡುತ್ತದೆ. ಮಕ್ಕಳು ಘೋಷಣೆ ಕೂಗುತ್ತಾರೆ, ಪ್ರತಿಜ್ಞೆ ಸ್ವೀಕರಿಸುತ್ತಾರೆ. ಪೊಲೀಸ್ ಅಧಿಕಾರಿಯೋ ವೈದ್ಯರೋ ಸ್ವಾಮೀಜಿಯೋ ಬಂದು ಉಪನ್ಯಾಸ ಕೊಡುತ್ತಾರೆ. ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ ಈ ದಿನವನ್ನು ಊರೂರಿನಲ್ಲಿ ಶ್ರದ್ಧೆಯಿಂದ ಆಚರಿಸುತ್ತಿರುವುದು ಒಳ್ಳೆಯದೇ. ಆದರೆ ಆ ವೇದಿಕೆಯ ಮೇಲೆ ನಿಂತವರು ಈ ಕೆಲಸವನ್ನು ಎಲ್ಲಿ ಕಲಿತರು ಎಂದು ನಾವು ಕೇಳುವುದಿಲ್ಲ. ಕುಡಿತ ಬಿಡಿಸುವ ವೈದ್ಯರಿಗೆ ಪದವಿ ಬೇಕು, ವಾರ್ಡಿನಲ್ಲಿ ನೋಡಿಕೊಳ್ಳುವ ನರ್ಸ್‌ಗೆ ನೋಂದಣಿ ಬೇಕು. ಇನ್ನೂ ಯಾವ ಚಟವೂ ಹತ್ತದ ಹನ್ನೆರಡು ವರ್ಷದ ಹುಡುಗನ ಮುಂದೆ ನಿಲ್ಲುವವರಿಗೆ ಮಾತ್ರ ಒಳ್ಳೆಯ ಮನಸ್ಸಿದ್ದರೆ ಸಾಕು ಎಂದುಕೊಂಡಿದ್ದೇವೆ. ಅದು ಸಾಲದು. ವ್ಯಸನ ಬಾರದಂತೆ ತಡೆಯುವುದೂ ಒಂದು ವೃತ್ತಿ. ಅದಕ್ಕೆ ತನ್ನದೇ ಪಾಠಕ್ರಮ, ಪರೀಕ್ಷೆ, ನೀತಿ ನಿಯಮಗಳಿವೆ. ಕಲಿಯದೆ ಕೈಹಾಕಿದರೆ ಈ ಕೆಲಸ ವ್ಯರ್ಥವಾಗುವುದಷ್ಟೇ ಅಲ್ಲ, ಕೆಲವೊಮ್ಮೆ ಮಕ್ಕಳಿಗೆ ಕೆಡುಕನ್ನೂ ಮಾಡುತ್ತದೆ.

ಸಮಸ್ಯೆ ಎಷ್ಟು ದೊಡ್ಡದು ಎಂಬುದಕ್ಕೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೇ ಸಾಕ್ಷಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ಎರಡು ಲಕ್ಷ ಮನೆಗಳ ಕದ ತಟ್ಟಿ ನಡೆಸಿದ ಈ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಾಂಜಾ, ಭಂಗಿ ಬಳಸುವವರು ಸುಮಾರು 3 ಕೋಟಿ, ಅಫೀಮು ವರ್ಗದ ವಸ್ತುಗಳನ್ನು ಬಳಸುವವರು 2.26 ಕೋಟಿ. ಇವೆಲ್ಲದರ ನಡುವೆ ಒಂದು ಚಿಕ್ಕ ಅಂಕಿ ಹೆಚ್ಚು ಕಳವಳ ಹುಟ್ಟಿಸುತ್ತದೆ. ವೈಟ್ನರ್, ಪಂಕ್ಚರ್ ಅಂಟು, ಥಿನ್ನರ್‌ಗಳಂತಹ ಮೂಸುವ ವಸ್ತುಗಳ ಬಳಕೆ ದೊಡ್ಡವರಲ್ಲಿ ಶೇ 0.58 ಇದ್ದರೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 1.17 ಇದೆ. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬಳಸುವ ಮಾದಕ ವಸ್ತು ಇದೊಂದೇ. ಇದು ಮಾರಾಟವಾಗುವುದು ಬಾರಿನಲ್ಲಲ್ಲ, ಸ್ಟೇಷನರಿ ಅಂಗಡಿಯಲ್ಲಿ. ಗಾಂಜಾ ಕುರಿತ ಉಪನ್ಯಾಸ ಈ ಮಕ್ಕಳನ್ನು ತಲುಪುವುದೇ ಇಲ್ಲ. ಯಾವ ಊರಿನ ಯಾವ ವಯಸ್ಸಿನವರಲ್ಲಿ ಯಾವುದು ಹರಡಿದೆ ಎಂದು ಮೊದಲು ತಿಳಿದುಕೊಳ್ಳುವುದೇ ಈ ವೃತ್ತಿಯ ಮೊದಲ ಪಾಠ.

ಕಲಿಯದ ಕೆಲಸ ಕೆಡುಕನ್ನೂ ಮಾಡಬಹುದು ಎಂಬುದಕ್ಕೆ ಅಮೆರಿಕದ ಅನುಭವ ಪುರಾವೆ. ಲಾಸ್ ಏಂಜಲೀಸ್ ಪೊಲೀಸರು 1983ರಲ್ಲಿ ಡೇರ್ ಎಂಬ ಕಾರ್ಯಕ್ರಮ ಆರಂಭಿಸಿದರು. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯವನ್ನು ವಿವರಿಸುತ್ತಿದ್ದರು. ಪೋಷಕರಿಗೆ ಮೆಚ್ಚುಗೆಯಾಯಿತು, ಶಾಲೆಗಳಿಗೆ ಮೆಚ್ಚುಗೆಯಾಯಿತು, ಕಾರ್ಯಕ್ರಮ ದೇಶದ ಬಹುಪಾಲು ಭಾಗಕ್ಕೆ ಹಬ್ಬಿತು. 1994ರಲ್ಲಿ ಅದರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಕ್ಕಳ ಬಳಕೆಯ ಮೇಲೆ ಅದರ ಪರಿಣಾಮ ಲೆಕ್ಕಕ್ಕೆ ಸಿಗದಷ್ಟು ಸಣ್ಣದೆಂದು ಗೊತ್ತಾಯಿತು. ಆಮೇಲೆ ಹೊಸ ಪಠ್ಯವೊಂದನ್ನು ರೂಪಿಸಿ, ಅದೇ ಡೇರ್ ಪೊಲೀಸರ ಕೈಯಲ್ಲೇ ಆರು ಮಹಾನಗರ ಪ್ರದೇಶಗಳ ಶಾಲೆಗಳಲ್ಲಿ ಪಾಠ ಮಾಡಿಸಿ ಪರೀಕ್ಷಿಸಿದರು. 2009ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಕಂಗೆಡಿಸಿತು. ಆರಂಭದಲ್ಲೇ ಗಾಂಜಾ ಬಳಸುತ್ತಿದ್ದ ಮಕ್ಕಳಲ್ಲಿ ಬಳಕೆ ಸ್ವಲ್ಪ ತಗ್ಗಿತ್ತು. ಆದರೆ ಅಲ್ಲಿಯವರೆಗೆ ಏನನ್ನೂ ಮುಟ್ಟದಿದ್ದ ಮಕ್ಕಳಲ್ಲಿ ಕುಡಿತ ಮತ್ತು ಸಿಗರೇಟು, ಪಾಠ ಕೇಳದವರಿಗಿಂತ ಹೆಚ್ಚಾಗಿತ್ತು. ಆ ಅಧ್ಯಯನದ ನೇತೃತ್ವ ವಹಿಸಿದ್ದ ಜಿಲಿ ಸ್ಲೊಬೊಡಾ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. ಈ ಕ್ಷೇತ್ರದ ಅತ್ಯಂತ ಗೌರವಯೋಗ್ಯ ಘಟನೆಗಳಲ್ಲಿ ಇದೊಂದು ಎಂದು ನಾನು ಭಾವಿಸುತ್ತೇನೆ. ಇದೇ ವಿಜ್ಞಾನಿ ಮುಂದೆ, ವ್ಯಸನ ತಡೆ ಕಾರ್ಯಕರ್ತರಿಗೆ ಅಂತರರಾಷ್ಟ್ರೀಯ ಪಾಠಕ್ರಮವೊಂದನ್ನು ರೂಪಿಸುವ ಕೆಲಸದ ಮುಂದಾಳಾದರು.

ಹೀಗೇಕೆ ಆಗುತ್ತದೆ? ಹದಿಹರೆಯದ ಮಕ್ಕಳು ತಮ್ಮ ಓರಗೆಯವರ ಬಳಕೆಯನ್ನು ಇರುವುದಕ್ಕಿಂತ ಹೆಚ್ಚೆಂದೇ ಊಹಿಸಿಕೊಂಡಿರುತ್ತಾರೆ. ‘ಯುವಜನ ಹಾಳಾಗುತ್ತಿದ್ದಾರೆ’ ಎಂದು ವೇದಿಕೆಯಿಂದ ಪದೇಪದೇ ಹೇಳಿದರೆ ಆ ಊಹೆಗೆ ಮುದ್ರೆ ಬೀಳುತ್ತದೆ. ಎಲ್ಲರೂ ಮಾಡುತ್ತಿದ್ದಾರೆ, ತಾನೊಬ್ಬನೇ ಹೊರಗುಳಿದಿದ್ದೇನೆ ಎಂಬ ಭಾವನೆ ಹುಟ್ಟುತ್ತದೆ. 1998ರಿಂದ 2004ರವರೆಗೆ ಅಮೆರಿಕ ಸರ್ಕಾರ ಭಾರಿ ಹಣ ಸುರಿದು ನಡೆಸಿದ ಮಾಧ್ಯಮ ಪ್ರಚಾರದಲ್ಲೂ, ಜಾಹೀರಾತನ್ನು ಹೆಚ್ಚು ನೋಡಿದ ಹುಡುಗರಲ್ಲೇ ಗಾಂಜಾದತ್ತ ಒಲವು ಹೆಚ್ಚಿದ ಸುಳಿವು ಮೌಲ್ಯಮಾಪಕರಿಗೆ ಸಿಕ್ಕಿತು. ಭಯದ ಕಥೆಯೂ ಹಾಗೆಯೇ. ಭಯಾನಕ ಚಿತ್ರ ತೋರಿಸಿದರೆ ಅಂಜುಬುರುಕ ಮಗು ಇನ್ನಷ್ಟು ಅಂಜುತ್ತದೆ. ಸಾಹಸವನ್ನೇ ಹುಡುಕುವ ಮಗುವಿಗೆ ಅದೇ ಚಿತ್ರ ಆಕರ್ಷಣೆಯಾಗುತ್ತದೆ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಪರಿಷ್ಕರಿಸಿದ ಮಾನದಂಡಗಳು, ಶಾಲೆಯಲ್ಲಿ ಫಲ ಕೊಡದ ಅಥವಾ ತಿರುಗುಬಾಣವಾಗುವ ವಿಧಾನಗಳನ್ನು ಹೆಸರಿಸಿವೆ: ಬರೀ ಉಪನ್ಯಾಸ, ಬರೀ ಮಾಹಿತಿ, ಭಯ ಹುಟ್ಟಿಸುವುದು, ಚಟ ಬಿಟ್ಟವರಿಂದ ಆತ್ಮಕಥೆ ಹೇಳಿಸುವುದು, ಪೊಲೀಸರಿಂದ ಪಾಠ ಮಾಡಿಸುವುದು. ನಮ್ಮ ಅರಿವು ಕಾರ್ಯಕ್ರಮಗಳ ಆಹ್ವಾನ ಪತ್ರಿಕೆಯ ಪಕ್ಕದಲ್ಲಿ ಈ ಪಟ್ಟಿಯನ್ನಿಟ್ಟು ಓದಿದರೆ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ.

ಹಾಗಾದರೆ ಕಲಿಯಬೇಕಾದದ್ದೇನು? ಭಾರತವೂ ಸ್ಥಾಪಕ ಸದಸ್ಯನಾಗಿರುವ ಕೊಲಂಬೊ ಯೋಜನೆಯ ಮಾದಕ ವಸ್ತು ಸಲಹಾ ವಿಭಾಗ 1973ರಿಂದ ಏಷ್ಯಾದ ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಅದು ಅಮೆರಿಕದ ವಿದೇಶಾಂಗ ಇಲಾಖೆಯ ನೆರವಿನಿಂದ, ಸ್ಲೊಬೊಡಾ ಅವರ ತಂಡದೊಂದಿಗೆ ಸಿದ್ಧಪಡಿಸಿದ್ದೇ ಯೂನಿವರ್ಸಲ್ ಪ್ರಿವೆನ್ಷನ್ ಕರಿಕ್ಯುಲಮ್. ಸಂಯೋಜಕರಿಗಾಗಿ ಇದರಲ್ಲಿ ಒಂಬತ್ತು ಕೋರ್ಸುಗಳಿವೆ. ತಡೆ ವಿಜ್ಞಾನದ ಪರಿಚಯ, ಮಾದಕ ವಸ್ತು ದೇಹ ಮತ್ತು ಮಿದುಳಿನಲ್ಲಿ ಮಾಡುವ ಕೆಲಸ, ಫಲಿತಾಂಶ ಅಳೆಯುವ ಕ್ರಮ ಎಂಬ ಮೂರು ಅಡಿಪಾಯದ ಕೋರ್ಸುಗಳು. ಅವುಗಳ ಮೇಲೆ ಕುಟುಂಬ, ಶಾಲೆ, ಉದ್ಯೋಗ ಸ್ಥಳ, ಪರಿಸರ, ಮಾಧ್ಯಮ, ಸಮುದಾಯ ಎಂಬ ಆರು ಕ್ಷೇತ್ರಗಳ ಕೋರ್ಸುಗಳು. ಕ್ಷೇತ್ರದಲ್ಲಿ ನೇರವಾಗಿ ದುಡಿಯುವವರಿಗೆ ಬೇರೆ ಸರಣಿಯಿದೆ. ಅಮೆರಿಕದಲ್ಲಿ ಐಸಿ ಆಂಡ್ ಆರ್‌ಸಿ ಎಂಬ ಪ್ರಮಾಣೀಕರಣ ಒಕ್ಕೂಟ ತಡೆ ತಜ್ಞರಿಗೆ ವಿಧಿಸಿರುವ ಕನಿಷ್ಠ ಅರ್ಹತೆ ನೋಡಿದರೆ ಇದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದು ಗೊತ್ತಾಗುತ್ತದೆ: 2,000 ಗಂಟೆ ಕೆಲಸದ ಅನುಭವ, 120 ಗಂಟೆ ತರಗತಿ, ಹಿರಿಯರ ಮೇಲ್ವಿಚಾರಣೆಯಲ್ಲಿ 120 ಗಂಟೆ ಅಭ್ಯಾಸ, ಕೊನೆಗೊಂದು ಲಿಖಿತ ಪರೀಕ್ಷೆ.

ಈ ಗಂಟೆಗಳಲ್ಲಿ ಕಲಿಯುವ ವಿವೇಕ ಎಂಥದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ತಡೆ ಕೆಲಸದಲ್ಲಿ ಮೂರು ಹಂತಗಳಿವೆ. ಎಲ್ಲರಿಗೂ ಒಂದು, ಅಪಾಯ ಹೆಚ್ಚಿರುವ ಗುಂಪಿಗೆ ಇನ್ನೊಂದು, ಆಗಲೇ ಬಳಸಲು ತೊಡಗಿರುವವರಿಗೆ ಮತ್ತೊಂದು. ಶಾಲೆಯಲ್ಲಿ ಸಿಕ್ಕಿಬಿದ್ದ ಹತ್ತು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಬುದ್ಧಿ ಹೇಳುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ಉಪಾಯ. ಆದರೆ ಇಂಥ ಮಕ್ಕಳನ್ನೇ ಒಟ್ಟುಗೂಡಿಸಿದಾಗ ಅವರು ಪರಸ್ಪರರ ನಗು, ಮೆಚ್ಚುಗೆಗಳಿಂದಲೇ ಕೆಟ್ಟದ್ದನ್ನು ಕಲಿಯುತ್ತಾರೆ ಎಂದು ಒರೆಗಾನ್‌ನ ಥಾಮಸ್ ಡಿಷನ್ ಮತ್ತು ಸಂಗಡಿಗರು 1999ರಲ್ಲೇ ತೋರಿಸಿದ್ದಾರೆ. ತರಬೇತಿ ಪಡೆದವರು ಆ ಹತ್ತು ಜನರನ್ನು ಬೇರೆ ಬೇರೆಯಾಗಿ ಕಾಣುತ್ತಾರೆ, ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ, ಹುಡುಗ ನಂಬಿ ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹರಡುವುದಿಲ್ಲ, ಚಿಕಿತ್ಸೆ ಬೇಕಾದವನನ್ನು ಆಸ್ಪತ್ರೆಗೆ ಮುಟ್ಟಿಸುತ್ತಾರೆ. ಒಳ್ಳೆಯ ಮನಸ್ಸಷ್ಟೇ ಇದ್ದವರಿಗೆ ಇದೆಲ್ಲ ತಾನಾಗಿ ಹೊಳೆಯುವುದಿಲ್ಲ.

ತರಬೇತಿಯೇ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಆಧಾರ ಬಾಲ್ಟಿಮೋರ್ ನಗರದ ಪ್ರಯೋಗ. 1985ರಲ್ಲಿ ಶೆಪರ್ಡ್ ಕೆಲಮ್ ಅವರ ತಂಡ ಅಲ್ಲಿನ ಶಾಲೆಗಳ ಒಂದನೇ ತರಗತಿಯಲ್ಲಿ ಒಂದು ಆಟವನ್ನು ತಂದಿತು. ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ, ಶಿಸ್ತಿನಿಂದ ಕೆಲಸ ಮಾಡಿದ ತಂಡಕ್ಕೆ ಸಣ್ಣ ಬಹುಮಾನ ಕೊಡುವುದು, ಅಷ್ಟೇ. ಮಾದಕ ವಸ್ತುವಿನ ಹೆಸರನ್ನೇ ಎತ್ತುತ್ತಿರಲಿಲ್ಲ. ಆದರೂ ಆ ಮಕ್ಕಳು 19ರಿಂದ 21 ವರ್ಷದವರಾದಾಗ ನೋಡಿದರೆ, ಗಂಡುಮಕ್ಕಳಲ್ಲಿ ಮಾದಕ ವ್ಯಸನ ಉಳಿದವರಿಗಿಂತ ಸುಮಾರು ಅರ್ಧಕ್ಕಿಳಿದಿತ್ತು. ಆರರ ವಯಸ್ಸಿನಲ್ಲಿ ತನ್ನನ್ನು ತಾನು ತಡೆದುಕೊಳ್ಳಲು ಕಲಿತದ್ದು ಇಪ್ಪತ್ತರಲ್ಲಿ ಕೈಹಿಡಿಯಿತು. ಈ ಕಥೆಯ ಎರಡನೇ ಭಾಗವನ್ನು ಕಡಿಮೆ ಜನ ಗಮನಿಸುತ್ತಾರೆ. ಮರುವರ್ಷ ಅದೇ ಶಿಕ್ಷಕರು ಅದೇ ಆಟವನ್ನು ಹೊಸ ಮಕ್ಕಳೊಂದಿಗೆ ನಡೆಸಿದರು. ಆದರೆ ಆ ಸಲ ಶಿಕ್ಷಕರಿಗೆ ಸಿಕ್ಕ ತರಬೇತಿ, ಬೆನ್ನಿಗೆ ನಿಂತು ನೋಡಿಕೊಳ್ಳುವ ಮಾರ್ಗದರ್ಶನ ಎರಡೂ ಕಡಿಮೆಯಾಗಿದ್ದವು. ಪರಿಣಾಮವೂ ಕುಗ್ಗಿತು. ಶಾಲೆ ಅದೇ, ಆಟ ಅದೇ. ಕಡಿಮೆಯಾದದ್ದು ಕಲಿಸುವವರಿಗೆ ಕಲಿಸುವ ಕೆಲಸ.

ಇದೆಲ್ಲ ಹೊರದೇಶದ ಲೆಕ್ಕ, ನಮ್ಮ ನೆಲಕ್ಕೆ ನಮ್ಮದೇ ದಾರಿಗಳಿವೆ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ಸುತ್ತಿ, ಜೋಳಿಗೆ ಒಡ್ಡಿ, ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಮದ್ಯವರ್ಜನ ಶಿಬಿರಗಳಲ್ಲಿ ಊರಿನವರೇ ಸಮಿತಿ ಕಟ್ಟಿಕೊಂಡು ನಿಲ್ಲುತ್ತಾರೆ; ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳು ಕುಡಿತ ಬಿಟ್ಟವರನ್ನು ಒಟ್ಟಿಗೆ ಹಿಡಿದಿಡುತ್ತವೆ. ಇವುಗಳ ಬೆಲೆ ದೊಡ್ಡದು. ಸಮುದಾಯವೇ ಮುಂದೆ ಬರಬೇಕು, ಮನೆಯವರೂ ಸೇರಬೇಕು ಎಂದು ತಡೆ ವಿಜ್ಞಾನ ಹೇಳುವುದನ್ನು ಇವು ಮೊದಲೇ ಮಾಡಿ ತೋರಿಸಿವೆ. ಆದರೆ ಜೋಳಿಗೆಯೂ ಶಿಬಿರವೂ ಮುಖ್ಯವಾಗಿ ಒದಗುವುದು ಆಗಲೇ ಚಟ ಹತ್ತಿದವರಿಗೆ. ಇನ್ನೂ ಹತ್ತದ ಮಗುವಿನ ಜೊತೆಗಿನ ಕೆಲಸದ ಬಗೆಯೇ ಬೇರೆ. ಅಲ್ಲಿಯೂ ನಮ್ಮದೇ ಅನುಭವವಿದೆ. ಬೆಂಗಳೂರಿನ ನಿಮ್ಹಾನ್ಸ್ ಜೀವನ ಕೌಶಲ ಶಿಕ್ಷಣದ ಕೈಪಿಡಿ ರೂಪಿಸಿ ಕರ್ನಾಟಕದ ಪ್ರೌಢಶಾಲೆಗಳ ಶಿಕ್ಷಕರಿಗೇ ತರಬೇತಿ ಕೊಟ್ಟಿತು. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಆ ಮಕ್ಕಳ ಆತ್ಮಗೌರವ, ಕಷ್ಟ ಎದುರಿಸುವ ಬಗೆ, ಶಾಲೆಯೊಂದಿಗಿನ ಹೊಂದಾಣಿಕೆ ಉಳಿದವರಿಗಿಂತ ಚೆನ್ನಾಗಿತ್ತು. ಅದು ಮಾದಕ ವಸ್ತುವಿನ ಬಳಕೆಯನ್ನು ಅಳೆದ ಅಧ್ಯಯನವಲ್ಲ, ನಿಜ. ಆದರೂ ನಮ್ಮ ಸಾಮಾನ್ಯ ಶಾಲೆಯ ಶಿಕ್ಷಕರು ಕಲಿಸಿದರೆ ಕಲಿತು ಮಾಡಬಲ್ಲರು ಎಂಬುದನ್ನು ಅದು ತೋರಿಸಿತು.

ಚಟದಿಂದ ಹೊರಬಂದವರಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರು ಎಂದು ಕೇಳುವವರಿದ್ದಾರೆ. ಚಿಕಿತ್ಸೆಯಲ್ಲಿ, ಆಲ್ಕೊಹಾಲಿಕ್ಸ್ ಅನಾನಿಮಸ್‌ನಂತಹ ಕೂಟಗಳಲ್ಲಿ ಅವರ ಮಾತಿಗೆ ಸಮನಾದದ್ದಿಲ್ಲ. ಆದರೆ ಏಳನೇ ತರಗತಿಯ ಮಗುವಿಗೆ ಆ ಕಥೆಯಿಂದ ಉಳಿಯುವುದು, ಬಿದ್ದರೂ ಎದ್ದು ಬರಬಹುದು ಎಂಬ ಭರವಸೆ ಮಾತ್ರವಾಗಿರಬಹುದು. ಅವರೂ ತರಬೇತಿ ಪಡೆದು ಬಂದರೆ ಈ ವೃತ್ತಿಗೆ ದೊಡ್ಡ ಬಲ. ಇರುವ ಹಣ ಚಿಕಿತ್ಸೆಗೇ ಸಾಲದು ಎಂಬ ವಾದ ಇನ್ನೂ ಭಾರವಾದದ್ದು. ಮದ್ಯವ್ಯಸನಿಗಳಲ್ಲಿ 38ರಲ್ಲಿ ಒಬ್ಬರಿಗಷ್ಟೇ ಯಾವುದೋ ಬಗೆಯ ಚಿಕಿತ್ಸೆ ಸಿಕ್ಕಿದೆ ಎನ್ನುತ್ತದೆ ಅದೇ 2019ರ ಸಮೀಕ್ಷೆ. ನಾನು ಈ ಅಂಕಿಯಿಂದ ಬೇರೆ ತೀರ್ಮಾನಕ್ಕೆ ಬರುತ್ತೇನೆ. ಇಷ್ಟು ಹಿಂದೆ ಬಿದ್ದಿರುವ ಚಿಕಿತ್ಸಾ ವ್ಯವಸ್ಥೆ, ಹೊಸಬರು ಬಂದು ಸೇರುತ್ತಲೇ ಇದ್ದರೆ ಎಂದಿಗೂ ಮುಂದೆ ಬರಲಾರದು. ಮದ್ಯದಂಗಡಿಗೆ ಪರವಾನಗಿ ಕೊಡುವ ಸರ್ಕಾರವೇ ತಡೆಯ ಮಾತಾಡುವುದರಲ್ಲಿ ಅರ್ಥವೇನು ಎಂಬ ಪ್ರಶ್ನೆಗೂ ಪಾಠಕ್ರಮದಲ್ಲೇ ಜಾಗವಿದೆ. ಪರಿಸರದ ಕೋರ್ಸು ಇರುವುದೇ ಅದಕ್ಕೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ, ಖರೀದಿಯ ಕನಿಷ್ಠ ವಯಸ್ಸನ್ನು ಕರ್ನಾಟಕದ ತಿದ್ದುಪಡಿ 21ಕ್ಕೆ ಏರಿಸಿದೆ. ಆ ನೂರು ಗಜವನ್ನು ಅಳೆಯುವುದು, ಅಂಗಡಿಗಳ ನಕ್ಷೆ ಮಾಡುವುದು, ಅದನ್ನು ಗ್ರಾಮಸಭೆಯ ಮುಂದಿಡುವುದು, ವರ್ಷದ ಬಳಿಕ ಮತ್ತೆ ಅಳೆಯುವುದು ತಡೆ ಕಾರ್ಯಕರ್ತರ ಕೆಲಸ. ಭಾಷಣಕ್ಕಿಂತ ಇದರಿಂದ ಹೆಚ್ಚು ಮಕ್ಕಳು ಉಳಿಯುತ್ತಾರೆ.

ಭಾರತದಲ್ಲಿ ಇದಕ್ಕೆ ಬೇಕಾದ ಬುನಾದಿ ಇಲ್ಲವೆಂದಲ್ಲ. ದೆಹಲಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆಯೊಳಗೆ ವ್ಯಸನ ತಡೆಗೆಂದೇ 1998ರಲ್ಲಿ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಚೆನ್ನೈನ ಟಿಟಿಕೆ ಆಸ್ಪತ್ರೆ ದಕ್ಷಿಣದ ಎಷ್ಟೋ ಕಾರ್ಯಕರ್ತರನ್ನು ತಯಾರು ಮಾಡಿದೆ. 2020ರ ಆಗಸ್ಟ್‌ನಲ್ಲಿ 272 ಜಿಲ್ಲೆಗಳಲ್ಲಿ ಶುರುವಾದ ನಶಾ ಮುಕ್ತ ಭಾರತ ಅಭಿಯಾನ ಸಾವಿರಾರು ಸ್ವಯಂಸೇವಕರನ್ನು ಕಲೆಹಾಕಿದೆ. ನಮ್ಮಲ್ಲಿ ಕೊರತೆಯಿರುವುದು ಹುದ್ದೆಗೆ. ಕೆಲವು ದಿನಗಳ ಶಿಬಿರದಲ್ಲಿ ಕಲಿತ ಸ್ವಯಂಸೇವಕರು ಮುಂದಿನ ವರ್ಷ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಕಲಿತದ್ದು ಅವರೊಂದಿಗೇ ಹೋಗುತ್ತದೆ. ತಾಲ್ಲೂಕಿಗೊಬ್ಬರಂತೆ, ಪ್ರಮಾಣಪತ್ರ ಪಡೆದ, ಸಂಬಳವಿರುವ, ಮೇಲ್ವಿಚಾರಣೆಗೆ ಒಳಪಟ್ಟ ವ್ಯಸನ ತಡೆ ಕಾರ್ಯಕರ್ತರನ್ನು ರಾಜ್ಯ ನೇಮಿಸಬೇಕು. ಅವರಿಗೆ ಕನ್ನಡದಲ್ಲೇ ತರಬೇತಿ ಕೊಡುವ ಶಕ್ತಿ ನಿಮ್ಹಾನ್ಸ್‌ನಂತಹ ಸಂಸ್ಥೆಯಿರುವ ಈ ರಾಜ್ಯಕ್ಕೆ ಖಂಡಿತ ಇದೆ. ಅಲ್ಲಿಯವರೆಗೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಮುಖ್ಯ ಶಿಕ್ಷಕರು, ಪೋಷಕರು ಒಂದು ಕೆಲಸ ಮಾಡಬಹುದು. ಮುಂದಿನ ಕಾರ್ಯಕ್ರಮಕ್ಕೆ ಬರುವವರನ್ನು ಮೊದಲೇ ಕೇಳಿ: ನಮ್ಮ ಮಕ್ಕಳಲ್ಲಿ ಏನಿದೆ ಎಂದು ತಿಳಿದುಕೊಂಡಿದ್ದೀರಾ, ಇದಕ್ಕೆ ತರಬೇತಿ ಪಡೆದಿದ್ದೀರಾ, ಒಂದು ದಿನದ ಮಾತಿನ ನಂತರ ಏನು ಮಾಡುತ್ತೀರಿ? ಮನೆಯಲ್ಲೇ ಯಾರಿಗಾದರೂ ಈಗಾಗಲೇ ನೆರವು ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಿ.